ಎರಡನೆಯ ಗಾಡಿ: ಒಂದು ಜೀಪು ಬಳಗದ ಪೂರ್ವಚರಿತ್ರೆ

ಈ ಸಂಚಿಕೆಯ ಬೇರೆ ಪುಟಗಳಲ್ಲಿ ನಮ್ಮ ಬಳಗದ ಪದಾಧಿಕಾರಿಗಳ ಹೆಸರು, ಸಭೆಗಳ ವರದಿ, ಏರಿ ಬಂದ ಬೆಟ್ಟಗಳ ಫೋಟೋ ಎಲ್ಲವೂ ಇವೆ. ಸಂಪಾದಕರು ನನಗೆ ಒಪ್ಪಿಸಿದ್ದು ಅದಕ್ಕೂ ಹಿಂದಿನ ಕತೆ. ಅನುಗೊಂಡನಹಳ್ಳಿಯಂಥ ಬಯಲು ಹೋಬಳಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಗಳ ಗುಂಪು ಕಟ್ಟಿಕೊಂಡು, ಕೋಳಿ ಕೂಗುವ ಮೊದಲೇ ಎದ್ದು, ಮುನ್ನೂರು ಕಿಲೋಮೀಟರ್ ಆಸುಪಾಸಿನ ಘಟ್ಟದವರೆಗೆ ಹೋಗಿಬರುವ ಪದ್ಧತಿ ಎಲ್ಲಿಂದ ಬಂತು, ಅದನ್ನು ಬರೆಯಿರಿ ಅಂದರು. ಹಳೆಯದನ್ನೆಲ್ಲ ಕೆದಕುತ್ತ ಹೋದ ಹಾಗೆ ನನಗೆ ಗಟ್ಟಿಯಾದದ್ದು ಒಂದೇ ಮಾತು: ಈ ಚರಿತ್ರೆಯನ್ನು ಮುಂದಿನ ಗಾಡಿಯಿಂದ ನೋಡಿದರೆ ಅರ್ಧವೇ ಕಾಣುತ್ತದೆ. ಅದರ ಹಿಂದೆ ಹಗ್ಗ ಹಾಕಿಕೊಂಡು ಬರುವ ಎರಡನೆಯ ಗಾಡಿಯಿಂದ ನೋಡಬೇಕು.

ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ನಮ್ಮದೊಂದು. ದಕ್ಷಿಣ ಪಿನಾಕಿನಿ ಹಾದುಹೋಗುವ ಸೀಮೆ. ಕೆಂಪು ಮಣ್ಣು, ನೀಲಗಿರಿ ತೋಪು, ತರಕಾರಿ ಹೊಲ, ಈಗೀಗ ದೊಡ್ಡ ದೊಡ್ಡ ಗೋದಾಮು. ಕಣ್ಣಿಗೆ ಬೆಟ್ಟ ಬೀಳಬೇಕಾದರೆ ಉತ್ತರಕ್ಕೆ ನಂದಿಯ ಕಡೆಗೋ ಪೂರ್ವಕ್ಕೆ ಕೋಲಾರದ ಅಂತರಗಂಗೆಯ ಕಡೆಗೋ ಹೋಗಬೇಕು. ಬಳಗದಲ್ಲಿ ಇರುವವರೂ ಹಾಗೆಯೇ ಬೆರೆತವರು: ಹೂವು ತರಕಾರಿ ಬೆಳೆಯುವವರು, ಗ್ಯಾರೇಜ್ ಇಟ್ಟವರು, ವೈಟ್‌ಫೀಲ್ಡಿನ ಕಂಪನಿಗಳಿಗೆ ಹೋಗಿಬರುವವರು. ಗಾಡಿ ಸಿಕ್ಕಿಬಿದ್ದಾಗ ಎಳೆಯುವ ವಿದ್ಯೆ ಈ ಊರಿಗೆ ಜೀಪಿನಿಂದ ಬಂದದ್ದಲ್ಲ, ಟ್ರ್ಯಾಕ್ಟರಿನಿಂದ ಬಂದದ್ದು. ಮಳೆ ಬಿದ್ದ ಮಾರನೆಯ ದಿನ ಕೆರೆ ಅಂಗಳದ ಕಡೆ ತರಕಾರಿ ಲೋಡಿನ ಲಾರಿ ಹೂತುಕೊಂಡರೆ ಹತ್ತಿರದ ಹೊಲದಿಂದ ಟ್ರ್ಯಾಕ್ಟರ್ ಬರಬೇಕು. ಹಗ್ಗವನ್ನು ಆಕ್ಸಲ್‌ಗೆ ಕಟ್ಟಬೇಕೋ ಚಾಸಿಗೆ ಕಟ್ಟಬೇಕೋ, ಯಾವ ಕೋನದಿಂದ ಎಳೆದರೆ ಗಾಡಿ ಮಗುಚುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಯಾವ ತರಬೇತಿಯೂ ಇಲ್ಲದೆ ತಿಳಿದಿದ್ದರು. ಜೀಪು ಮಾಡುತ್ತಿದ್ದ ಮಹೀಂದ್ರಾದವರೇ 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡಲು ಶುರುಮಾಡಿದ್ದು. ಹಾಗಾಗಿ ನಮ್ಮ ಕಡೆ ಹೊಲದ ಗಾಡಿಯ ಚರಿತ್ರೆಯೂ ಬೆಟ್ಟದ ಗಾಡಿಯ ಚರಿತ್ರೆಯೂ ಒಂದೇ ಮನೆಯಲ್ಲಿ ಸೇರುತ್ತವೆ.

ಜೀಪಿನ ಹುಟ್ಟು ಯುದ್ಧದ ಕಾಲದ್ದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಕಾರನ್ನು 1903ರಲ್ಲೇ ಹಾಲೆಂಡಿನ ಸ್ಪೈಕರ್ ಕಂಪನಿ ಮಾಡಿತ್ತು. ಆದರೆ ಅದನ್ನು ಸಣ್ಣದಾಗಿ, ಹಗುರವಾಗಿ, ಲಕ್ಷಗಟ್ಟಲೆ ಮಾಡಿದ್ದು ಎರಡನೆಯ ಮಹಾಯುದ್ಧ. 1940ರಲ್ಲಿ ಅಮೆರಿಕದ ಸೇನೆ 135 ಕಂಪನಿಗಳನ್ನು ಕೇಳಿ, ಮೊದಲ ಮಾದರಿ ಗಾಡಿಯನ್ನು 49 ದಿನಗಳಲ್ಲಿ ತಂದೊಪ್ಪಿಸಬೇಕೆಂದು ಗಡುವು ಹಾಕಿತು. ಪೆನ್ಸಿಲ್ವೇನಿಯಾದ ಬಟ್ಲರ್ ಪಟ್ಟಣದ ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಬರೆದ ನಕ್ಷೆ ಇಟ್ಟುಕೊಂಡು, ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿತು. ಅಷ್ಟು ಸಣ್ಣ ಕಂಪನಿಗೆ ಸೇನೆ ಕೇಳಿದಷ್ಟು ಗಾಡಿ ಮಾಡುವ ಶಕ್ತಿ ಇರಲಿಲ್ಲ. ದೊಡ್ಡ ಗುತ್ತಿಗೆ ವಿಲ್ಲೀಸ್ ಮತ್ತು ಫೋರ್ಡ್ ಪಾಲಾಯಿತು. ವಿಲ್ಲೀಸ್‌ನಲ್ಲಿದ್ದ ಬಾರ್ನಿ ರೂಸ್ ಎಂಬಾತ ಹದಮಾಡಿದ್ದ 60 ಅಶ್ವಶಕ್ತಿಯ ಎಂಜಿನ್ ಆ ಗಾಡಿಯ ಜೀವಾಳವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6.4 ಲಕ್ಷ ಜೀಪುಗಳು ತಯಾರಾಗಿದ್ದವು.

ನಮ್ಮ ಊರಿನಿಂದ ಮಾರತಹಳ್ಳಿ ದಾಟಿದರೆ ಸಿಗುವ ಎಚ್‌ಎಎಲ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಿಮಾನದಳದ ಕೈಗೆ ಹೋಗಿ, ಏಷ್ಯಾದ ಈ ಭಾಗದ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಗಿತ್ತು. ಆ ಸೇನೆ ಬೀಡುಬಿಟ್ಟಲ್ಲೆಲ್ಲ ಜೀಪು ಓಡಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಹರಾಜಿಗೆ ಬಂದವು. ಘಟ್ಟದ ಕಾಫಿ, ಏಲಕ್ಕಿ ತೋಟದವರಿಗೆ ಅದಕ್ಕಿಂತ ಒದಗುವ ಗಾಡಿ ಇರಲಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟದ ಮನೆಗಳಲ್ಲಿ ಹಳೆಯ ವಿಲ್ಲೀಸ್ ಇಂದಿಗೂ ಸ್ಟಾರ್ಟ್ ಆಗುವ ಸ್ಥಿತಿಯಲ್ಲಿದ್ದರೆ ಅದರ ಹಿಂದೆ ಇಂಥ ಚರಿತ್ರೆ ಇದೆ.

ಮಹೀಂದ್ರಾ ಕಂಪನಿ ಲುಧಿಯಾನದಲ್ಲಿ ಸ್ಥಾಪನೆಯಾದದ್ದು 1945ರ ಅಕ್ಟೋಬರ್ 2ರಂದು, ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ. ಪಾಲುದಾರರಾಗಿದ್ದ ಗುಲಾಂ ಮೊಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ಹೋದರು. 1948ರಲ್ಲಿ ಕಂಪನಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಕಂಪನಿ ಕಟ್ಟಿದ ಮಹೀಂದ್ರಾ ಸಹೋದರರಲ್ಲಿ ಒಬ್ಬರಾದ ಕೆ. ಸಿ. ಮಹೀಂದ್ರಾ ಅಮೆರಿಕದಲ್ಲಿದ್ದಾಗ ಭೇಟಿಯಾದದ್ದು ಇದೇ ಬಾರ್ನಿ ರೂಸ್ ಅವರನ್ನು. ನಲವತ್ತರ ದಶಕ ಮುಗಿಯುವುದರೊಳಗೆ ಬಿಡಿಭಾಗಗಳಾಗಿ ಬಂದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸಲು ಶುರುವಾಗಿತ್ತು.

ಹಳ್ಳಿಯ ಜನ ಜೀಪನ್ನು ಹತ್ತಿರದಿಂದ ಕಂಡದ್ದು ಅದರ ನಂತರ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ. ಬಿಡಿಒ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಜೀಪು ಅಂದರೆ ಸರ್ಕಾರವೇ ಊರಿಗೆ ಬಂದ ಹಾಗೆ. ಬೀಜ, ಗೊಬ್ಬರ, ಸಿಡುಬಿನ ಲಸಿಕೆ, ಚುನಾವಣೆಯ ಪೆಟ್ಟಿಗೆ ಎಲ್ಲವೂ ಜೀಪಿನಲ್ಲೇ ಬಂದವು. ಮಳೆಗಾಲದಲ್ಲಿ ಆ ಜೀಪು ಹಳ್ಳದಲ್ಲಿ ನಿಂತರೆ ತಳ್ಳಲು ಊರಿನವರೇ ಬೇಕಿತ್ತು. ಗಾಡಿ ಒಂಟಿಯಾಗಿ ಬಂದಾಗ ಎರಡನೆಯ ಗಾಡಿಯ ಕೆಲಸವನ್ನು ಮನುಷ್ಯರು ಮಾಡಿದರು.

ನಾಲ್ಕು ಚಕ್ರದ ಗಾಡಿ ಸಿಕ್ಕಿಬೀಳುವುದೇ ಇಲ್ಲ ಎಂದು ಹೊಸಬರು ತಿಳಿದಿರುತ್ತಾರೆ. ಯಾಕೆ ಸಿಕ್ಕಿಬೀಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಅದಕ್ಕಾಗಿ ಎರಡೂ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಟಾರು ರಸ್ತೆಯಲ್ಲಿ ಉಪಕಾರ ಮಾಡುವ ಆ ಡಿಫರೆನ್ಷಿಯಲ್ ಬೆಟ್ಟದಲ್ಲಿ ಕೈಕೊಡುತ್ತದೆ. ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತೂಗಿದರೆ ಬಲವೆಲ್ಲ ಆ ಚಕ್ರವನ್ನೇ ತಿರುಗಿಸಿ ಖರ್ಚಾಗುತ್ತದೆ, ನೆಲ ಕಚ್ಚಿದ ಚಕ್ರ ಸುಮ್ಮನಿರುತ್ತದೆ. ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡೂ ಒಟ್ಟಿಗೆ ಮೇಲೆದ್ದವೋ, ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಕದಲದೆ ನಿಲ್ಲುತ್ತದೆ. ಚರಂಡಿಯನ್ನು ಓರೆಯಾಗಿ ದಾಟುವಾಗ ಹೀಗಾಗುವುದು ಸಾಮಾನ್ಯ. ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಡಿಫ್ ಲಾಕ್ ಇದ್ದ ಗಾಡಿ ಪಾರಾಗುತ್ತದೆ, ಇಲ್ಲದಿದ್ದರೆ ಹಿಂದಿನವರು ಹಗ್ಗ ತರಬೇಕು. ಲೋ ಗೇರ್ ಎಂದು ನಾವು ಕರೆಯುವ ಟ್ರಾನ್ಸ್‌ಫರ್ ಕೇಸಿನ ಕೆಳಗಿನ ಗೇರು ಚಕ್ರದ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ ನಿಜ, ಆದರೆ ಹಿಡಿತವೇ ಇಲ್ಲದ ಚಕ್ರಕ್ಕೆ ಎಷ್ಟು ಬಲ ಕೊಟ್ಟರೂ ಅದು ಮಣ್ಣನ್ನು ತೋಡುತ್ತದೆ ಅಷ್ಟೆ.

ಕೆಲಸದ ಗಾಡಿಯಾಗಿದ್ದ ಜೀಪು ಹವ್ಯಾಸದ ಗಾಡಿಯಾದದ್ದು ನಿಧಾನಕ್ಕೆ. 1985ರ ಕೊನೆಯಲ್ಲಿ ಮಾರುತಿಯವರ ಜಿಪ್ಸಿ ಬಂತು. ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್, ಹಗುರವಾದ ಮೈ. ರ‍್ಯಾಲಿಯವರೂ ಪೊಲೀಸರೂ ಸೇನೆಯವರೂ ಅದನ್ನು ನೆಚ್ಚಿಕೊಂಡರು. ಜಬಲ್‌ಪುರದ ಸೇನಾ ಕಾರ್ಖಾನೆಯಲ್ಲಿ ನಿಸಾನ್ ಪ್ಯಾಟ್ರೋಲ್ ಮಾದರಿಯಲ್ಲಿ ತಯಾರಾಗುತ್ತಿದ್ದ ಜೋಂಗಾ ಕೂಡ ಹರಾಜಿನ ಮೂಲಕ ಸಾಮಾನ್ಯರ ಕೈಗೆ ಬಂತು. ಜೋಂಗಾ ಇಟ್ಟುಕೊಂಡವರು ಶಿವಾಜಿನಗರದ ಗುಜರಿಯನ್ನೂ ಜೆ. ಸಿ. ರಸ್ತೆಯ ಅಂಗಡಿಗಳನ್ನೂ ಬಿಡಿಭಾಗಕ್ಕಾಗಿ ಸುತ್ತಿ ಸುತ್ತಿ ಪರಸ್ಪರ ಗುರುತಾದರು. ನನ್ನ ಅಂದಾಜಿನಲ್ಲಿ ಬೆಂಗಳೂರಿನ ಸುತ್ತಲಿನ ಜೀಪು ಬಳಗಗಳ ಮೊದಲ ಸಭೆಗಳು ನಡೆದದ್ದು ಆ ಗುಜರಿ ಅಂಗಡಿಗಳ ಮುಂದೆ. ಯಾರ ಹತ್ತಿರ ಯಾವ ಗೇರ್‌ಬಾಕ್ಸ್ ಇದೆ, ಯಾವ ಮೇಸ್ತ್ರಿಗೆ ಹಬ್ ಬಿಚ್ಚಲು ಬರುತ್ತದೆ ಎಂಬ ಮಾತಿನಿಂದಲೇ ಗೆಳೆತನ ಬೆಳೆಯಿತು.

ತೊಂಬತ್ತರ ದಶಕದ ಕೊನೆಯ ಭಾಗದಿಂದ ಮಹೀಂದ್ರಾದವರು ತಮ್ಮ ಗಾಡಿ ಕೊಂಡವರನ್ನೆಲ್ಲ ಸೇರಿಸಿ ಗ್ರೇಟ್ ಎಸ್ಕೇಪ್ ಹೆಸರಿನಲ್ಲಿ ಒಂದು ದಿನದ ಬೆಟ್ಟದ ಸವಾರಿಗಳನ್ನು ನಡೆಸತೊಡಗಿದರು. ಸಕಲೇಶಪುರ, ಕೊಡಗುಗಳಿಗೂ ಅದು ಬಂತು. ಬೆಳಿಗ್ಗೆ ಸೇರುವುದು, ಹಾದಿಯ ವಿವರ ಕೇಳುವುದು, ಸಾಲಾಗಿ ಹೊರಡುವುದು, ಸಿಕ್ಕಿಬಿದ್ದವರನ್ನು ಎಳೆಯುವುದು, ಸಂಜೆ ಎಲ್ಲರೂ ಇಳಿದರೆಂದು ಎಣಿಸಿಕೊಂಡು ಮನೆಗೆ ಹೊರಡುವುದು. ಇಂದು ನಾಡಿನ ಬಹುತೇಕ ಬಳಗಗಳು ಪಾಲಿಸುವ ದಿನಚರಿಯ ಅಚ್ಚು ಅದೇ. ನಂತರ ಮಹಾರಾಷ್ಟ್ರದ ಇಗತ್‌ಪುರಿ ಹತ್ತಿರ ಅವರು ತರಬೇತಿ ಶಾಲೆಯನ್ನೂ ತೆರೆದರು. ಮಲೇಷ್ಯಾದಲ್ಲಿ 1997ರಲ್ಲಿ ಹುಟ್ಟಿದ ರೇನ್‌ಫಾರೆಸ್ಟ್ ಚಾಲೆಂಜ್ 2014ರಲ್ಲಿ ಗೋವೆಗೆ ಬಂದಾಗ ಸ್ಪರ್ಧೆಯ ರುಚಿಯೂ ಹತ್ತಿತು. ಸ್ಪರ್ಧೆಗೆ ಅದರದೇ ಗೌರವ ಇದೆ. ಆದರೂ ಅದು ನಮ್ಮ ದಾರಿ ಆಗಲಿಲ್ಲ, ಆಗದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ನಂಬಿದ್ದೇನೆ. ಸ್ಪರ್ಧೆಯಲ್ಲಿ ಹಿಂದಿನ ಗಾಡಿ ಎದುರಾಳಿಯದು.

2010ರಲ್ಲಿ ಮಹೀಂದ್ರಾದ ಥಾರ್ ಬಂದಾಗ ಹಳೆಯ ಜೀಪಿನ ಆಕಾರಕ್ಕೆ ಹೊಸ ಡೀಸೆಲ್ ಎಂಜಿನ್ ಸೇರಿತು. 2020ರ ಅಕ್ಟೋಬರಿನಲ್ಲಿ ಬಂದ ಎರಡನೆಯ ಥಾರ್ ಬಳಗಗಳ ಚಹರೆಯನ್ನೇ ಬದಲಿಸಿತು. ಆಟೋಮ್ಯಾಟಿಕ್ ಗೇರು, ಏಸಿ, ಮನೆಮಂದಿಯೆಲ್ಲ ಕೂರಬಹುದಾದ ಸೀಟು. ಹೆಂಡತಿ ಮಕ್ಕಳ ಜೊತೆ ಬರುವವರು ಹೆಚ್ಚಾದರು, ಹೆಣ್ಣುಮಕ್ಕಳು ಸ್ಟಿಯರಿಂಗ್ ಹಿಡಿದು ಬರುವುದು ಹೆಚ್ಚಾಯಿತು. 2023ರ ಜೂನ್‌ನಲ್ಲಿ ಮಾರುತಿಯವರ ಜಿಮ್ನಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಉದ್ಘಾಟನೆ ಆದ ಮೇಲೆ, ಸರ್ಜಾಪುರದ ದಾರಿ ಹಿಡಿದು ನೈಸ್ ರಸ್ತೆಗೆ ಬಿದ್ದರೆ ಕೊಡಗಿಗೆ ಒಂದೇ ದಿನದಲ್ಲಿ ಹೋಗಿಬರುವ ಮಾತು ಸುಲಭವಾಯಿತು. ಬೆಟ್ಟ ಹತ್ತಿರವಾದದ್ದು ನಮಗೆ ಸಂತೋಷದ ಸಂಗತಿ. ಬೆಟ್ಟಕ್ಕೆ ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದು ದಿನದ ಸವಾರಿ ನಡೆಯುವ ಬಗೆಯನ್ನು ಮುಂದೆ ಬರುವ ಸದಸ್ಯರಿಗಾಗಿ ದಾಖಲಿಸುವುದು ಈ ಲೇಖನದ ಕೆಲಸಗಳಲ್ಲಿ ಒಂದು. ಟಾರು ಮುಗಿದು ಮಣ್ಣಿನ ಹಾದಿ ಶುರುವಾಗುವಲ್ಲಿ ಎಲ್ಲರೂ ಇಳಿದು ಮೊದಲು ಮಾಡುವ ಕೆಲಸ ಟೈರಿನ ಗಾಳಿ ಬಿಡುವುದು. ಮೂವತ್ತು ಪಿಎಸ್ಐ ಆಸುಪಾಸಿನಲ್ಲಿದ್ದ ಒತ್ತಡವನ್ನು ಹದಿನೆಂಟು ಇಪ್ಪತ್ತಕ್ಕೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಅವುಚಿಕೊಳ್ಳುತ್ತದೆ, ಕಲ್ಲಿನ ಏಟನ್ನೂ ನುಂಗಿಕೊಳ್ಳುತ್ತದೆ. ಹಳೆಯ ಜೀಪಿನವರು ಬಗ್ಗಿ ಮುಂದಿನ ಹಬ್ ಲಾಕ್ ತಿರುಗಿಸುತ್ತಾರೆ. ಎಲ್ಲ ಗಾಡಿಗೂ ವಾಕಿಟಾಕಿ ಹಂಚುತ್ತಾರೆ. ಮುಂದೆ ಹಾದಿ ಗೊತ್ತಿದ್ದವರು, ಕೊನೆಗೆ ವಿಂಚ್ ಇರುವ ಗಾಡಿ, ನಡುವೆ ಹೊಸಬರು. ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣದಿದ್ದರೆ ಮುಂದಿನವರು ನಿಲ್ಲಬೇಕು. ಕಷ್ಟದ ತಾವು ಬಂದಾಗ ಒಬ್ಬರು ಇಳಿದು ಹತ್ತು ಹೆಜ್ಜೆ ಮುಂದೆ ನಿಂತು ಕೈಸನ್ನೆ ಮಾಡುತ್ತಾರೆ. ಡ್ರೈವರ್‌ಗೆ ಬಾನೆಟ್ಟಿನ ಆಚೆಯ ನೆಲ ಕಾಣುವುದಿಲ್ಲ, ನಿಂತವರಿಗೆ ಕಾಣುತ್ತದೆ. ಸನ್ನೆ ಮಾಡುವವರು ಒಬ್ಬರೇ ಇರಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಈ ಎರಡನೆಯ ನಿಯಮವನ್ನು ಪಾಲಿಸುವುದು ನಮ್ಮ ಜನಕ್ಕೆ ಇಂದಿಗೂ ಕಷ್ಟ.

ಹಗ್ಗದ ವಿಷಯದಲ್ಲಿ ಮಾತ್ರ ಸಡಿಲಿಕೆ ಇಲ್ಲ. ಟ್ರ್ಯಾಕ್ಟರಿನ ಕಾಲದ ಕಬ್ಬಿಣದ ಸರಪಳಿಯನ್ನು ಬಳಗ ಬಿಟ್ಟಿದೆ. ಜಗ್ಗಿ ಎಳೆಯುವಾಗ ಸರಪಳಿ ಹರಿದರೆ ಅದರ ತುಂಡು ಮನುಷ್ಯನ ಜೀವ ತೆಗೆಯಬಲ್ಲದು. ಈಗ ಬಳಸುವ ನೈಲಾನ್ ಪಟ್ಟಿ ಎಳೆದಾಗ ಹಿಗ್ಗಿ, ಹಿಗ್ಗಿದ ಬಲದಿಂದಲೇ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಹಿಗ್ಗಿದ ಪಟ್ಟಿಯಲ್ಲೂ ಅಷ್ಟೇ ಅಪಾಯ ಅಡಗಿರುವುದರಿಂದ ಅದರ ನಡುವೆ ಒದ್ದೆ ಕಂಬಳಿಯನ್ನೋ ದಪ್ಪ ಗೋಣಿಯನ್ನೋ ಹೊದಿಸುತ್ತಾರೆ, ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರಕ್ಕೆ ಎಲ್ಲರನ್ನೂ ಕಳುಹಿಸುತ್ತಾರೆ. ಕೊಕ್ಕೆಯನ್ನು ಚಾಸಿಗೆ ಬೋಲ್ಟ್ ಮಾಡಿದ ಜಾಗಕ್ಕೇ ಹಾಕಬೇಕು, ಬಂಪರಿಗೆ ಹಾಕಬಾರದು. ಎಳೆಯುವ ಗಾಡಿಯಲ್ಲಿ ಒಬ್ಬರೇ ಇರಬೇಕು. ಒಂದೇ ಗಾಡಿಯಲ್ಲಿ ಯಾರೂ ಹಾದಿಗೆ ಇಳಿಯಬಾರದು ಎಂಬ ನಮ್ಮ ಮೊದಲ ನಿಯಮದ ಪಕ್ಕದಲ್ಲೇ ಹಗ್ಗದ ಈ ನಿಯಮಗಳೂ ಇವೆ.

ಇಳಿಜಾರಿನ ಪಾಠವನ್ನು ನಾನು ಕಲಿತದ್ದು ಮಾಂದಲ್‌ಪಟ್ಟಿಯಲ್ಲಿ. ಮಡಿಕೇರಿಯಿಂದ ಅಬ್ಬಿ ಜಲಪಾತದ ಕಡೆಯಿಂದ ಹೋಗುವ ಈ ಗಿರಿ ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ್ದು. 2008ರ 'ಗಾಳಿಪಟ' ಸಿನಿಮಾದಲ್ಲಿ ಕಂಡ ಮೇಲೆ ಮುಗಿಲುಪೇಟೆ ಎಂಬ ಹೆಸರಿನಲ್ಲಿ ನಾಡಿಗೆಲ್ಲ ಪರಿಚಯವಾಯಿತು. ಕೊನೆಯ ಕೆಲವು ಕಿಲೋಮೀಟರ್ ಬರೀ ಕಲ್ಲು, ಕೊರಕಲು. ಅಲ್ಲಿ ಓಡುವುದು ಸ್ಥಳೀಯರ ಪಿಕಪ್ ಜೀಪುಗಳು. ತೋಟದ ಆಳುಗಳನ್ನು, ಗೊಬ್ಬರದ ಮೂಟೆಗಳನ್ನು ಸಾಗಿಸುತ್ತಿದ್ದ ಗಾಡಿಗಳೇ ಪ್ರವಾಸಿಗರನ್ನು ಹೊರಲು ತೊಡಗಿದವು. ನಮ್ಮ ಗಾಡಿಗಳನ್ನು ಕೆಳಗೇ ನಿಲ್ಲಿಸಿ ಅವರ ಪಿಕಪ್ ಹತ್ತಿದ್ದೆವು. ಚಾಲಕ ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ಇಳಿಯುವಾಗ ಅವರ ಬಲಗಾಲು ಬ್ರೇಕಿನ ಹತ್ತಿರ ಸುಳಿಯಲೇ ಇಲ್ಲ. ಮೊದಲ ಗೇರಿನಲ್ಲಿ ಎಂಜಿನ್ನಿನ ಗುರುಗುಟ್ಟುವಿಕೆಯ ಮೇಲೆಯೇ ಗಾಡಿ ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿತ್ತು. ಎಡಗಡೆ ಕೊರಕಲಿದ್ದರೂ ಚಕ್ರಗಳನ್ನು ಅದರ ಎರಡೂ ಅಂಚಿನ ಮೇಲೆ ಇಟ್ಟರು, ಒಳಗೆ ಇಳಿಸಲಿಲ್ಲ. ಕೇಳಿದಾಗ, "ಬ್ರೇಕ್ ಒತ್ತಿದ್ರೆ ಚಕ್ರ ನಿಲ್ತದೆ ಸಾರ್, ಗಾಡಿ ನಿಲ್ಲೋದಿಲ್ಲ. ಗೇರಲ್ಲೇ ಬಿಡ್ಬೇಕು" ಅಂದರು. ಇಷ್ಟು ಚೊಕ್ಕವಾಗಿ ಯಾವ ಕೈಪಿಡಿಯೂ ಹೇಳಿದ್ದನ್ನು ನಾನು ಓದಿಲ್ಲ.

ಇಂಥವರು ಘಟ್ಟದುದ್ದಕ್ಕೂ ಇದ್ದಾರೆ. ಬಾಬಾಬುಡನ್‌ಗಿರಿಯಿಂದ ಮಾಣಿಕ್ಯಧಾರೆಗೆ ಭಕ್ತರನ್ನು ಒಯ್ಯುವವರು, ಕುದುರೆಮುಖ ಚಾರಣಕ್ಕೆ ಬಂದವರನ್ನು ಬಾಳೆಗಲ್‌ನಿಂದ ಮುಳ್ಳೋಡಿಯವರೆಗೆ ಹತ್ತಿಸುವವರು. ಅವರಿಗೆ ಇದು ಹೊಟ್ಟೆಪಾಡು. ಮುಳ್ಳೋಡಿಯಂಥ ಊರಿನಲ್ಲಿ ಹೆರಿಗೆ ನೋವು ಬಂದವರೂ ಅಕ್ಕಿ ಮೂಟೆಯೂ ಶಾಲೆಯ ಮಕ್ಕಳೂ ಅದೇ ಜೀಪಿನಲ್ಲಿ ಇಳಿಯಬೇಕು, ಏರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ರಸ್ತೆಗಳು ಕೊಚ್ಚಿಹೋದಾಗ, ಸೇನೆ ಮತ್ತು ಎನ್‌ಡಿಆರ್‌ಎಫ್ ಜೊತೆಗೆ ಜನರನ್ನು ಹೊರಗೆ ತಂದವರಲ್ಲಿ ಊರಿನ ಹುಡುಗರೂ ಇದ್ದರು. ಅದೇ ತಿಂಗಳು ಕೇರಳದ ಪ್ರವಾಹದಲ್ಲಿ ಹವ್ಯಾಸಿ ಜೀಪು ಬಳಗಗಳು ನೀರಿಗಿಳಿದು ಕೆಲಸ ಮಾಡಿದವು. ಹಗ್ಗ ಕಟ್ಟುವುದನ್ನು ಕಲಿತವರು ಬೇರೆಯವರಿಗೆ ಎಷ್ಟು ಒದಗಬಹುದು ಎಂಬುದನ್ನು ಆ ವರ್ಷ ತೋರಿಸಿತು. ಬಳಗದ ಪ್ರತಿ ಗಾಡಿಯಲ್ಲೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗುದ್ದಲಿ, ಹಗ್ಗ ಇರಬೇಕೆಂಬ ಒತ್ತಾಯವನ್ನು ಅಂಥ ಅನುಭವದ ಬೆಳಕಿನಲ್ಲೇ ಓದಬೇಕು.

ಇನ್ನು ಬೆಟ್ಟದ ಪಾಲಿನ ಲೆಕ್ಕ. ಪಶ್ಚಿಮಘಟ್ಟದ ಎತ್ತರದಲ್ಲಿರುವ ಹುಲ್ಲುಗಾವಲು ಮೇಲ್ನೋಟಕ್ಕೆ ಖಾಲಿ ಮೈದಾನ. ಅದರ ಬೇರಿನ ಹೊದಿಕೆ ಮಳೆನೀರನ್ನು ಹಿಡಿದು ಕಣಿವೆಯ ಶೋಲಾ ಕಾಡಿಗೂ ಅಲ್ಲಿಂದ ಹೊಳೆಗಳಿಗೂ ಬಿಡುತ್ತದೆ. ಒಂದು ಜೀಪು ಹಾದಿ ಬಿಟ್ಟು ಹುಲ್ಲಿನ ಮೇಲೆ ಹರಿದರೆ ಎರಡು ಗೆರೆ ಬೀಳುತ್ತವೆ. ಮುಂದಿನ ಮಳೆಗಾಲ ಆ ಗೆರೆಗಳನ್ನು ಕೊರಕಲಾಗಿಸುತ್ತದೆ. ಕೊರಕಲನ್ನು ತಪ್ಪಿಸಲು ಮುಂದಿನವರು ಪಕ್ಕದ ಹುಲ್ಲಿಗೆ ಇಳಿಯುತ್ತಾರೆ, ಹಾದಿ ಅಗಲವಾಗುತ್ತ ಹೋಗುತ್ತದೆ. ಪುಷ್ಪಗಿರಿ, ಕುದುರೆಮುಖಗಳು 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಸೇರಿವೆ. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೆ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಮಿತಿ ಹಾಕಿ ಮುಂಗಡ ನೋಂದಣಿ ತಂದಾಗ ಹಲವರು ಗೊಣಗಿದರು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಬಳಗ ಈಗ ಹೆಚ್ಚಾಗಿ ಹೋಗುವುದು ಮಾಲೀಕರ ಒಪ್ಪಿಗೆ ಪಡೆದ ಕಾಫಿ ತೋಟಗಳ ಒಳಹಾದಿಗೆ, ಊರಿನವರು ಬಳಸುವ ಮಣ್ಣುರಸ್ತೆಗೆ. ಕೆರೆ ಅಂಗಳ, ಹೊಳೆಯ ಪಾತ್ರ, ಹುಲ್ಲುಗಾವಲು ಮೂರೂ ನಮಗೆ ನಿಷಿದ್ಧ. ಇದು ಯಾರೋ ಹೇರಿದ್ದಲ್ಲ, ನಾವೇ ಸಭೆಯಲ್ಲಿ ಒಪ್ಪಿದ್ದು.

ಗಾಡಿಯ ಮೇಲಿನ ಕಾನೂನೂ ಬಿಗಿಯಾಗಿದೆ. ಮುಂದಿನ ಕಬ್ಬಿಣದ ಗಾರ್ಡನ್ನು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಷೇಧಿಸಿತು. ತಯಾರಕರು ಕೊಟ್ಟ ಗಾಡಿಯ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್ ಹಾಕಿಸಿಕೊಂಡವರಿಗೆ ಇದು ಇಕ್ಕಟ್ಟು ತಂದಿತು. ಮೂಲರೂಪದಲ್ಲೇ ಇರುವ ಗಾಡಿಗಳಿಗೆ ಹೊಂದುವ ಹಾದಿಗಳನ್ನೇ ಆರಿಸಿಕೊಳ್ಳುವುದು ನಮ್ಮ ಉತ್ತರ.

ಸಂಪಾದಕ ಮಂಡಳಿಗೆ ಒಂದು ಕೋರಿಕೆಯಿದೆ. ನಮ್ಮ ಸವಾರಿ ಪುಸ್ತಕದಲ್ಲಿ ಈಗ ದಿನಾಂಕ, ಹಾದಿ, ಗಾಡಿ ನಂಬರು, ಬಂದವರ ಹೆಸರು, ಅನುಮತಿ ಪತ್ರದ ವಿವರ ಎಂಬ ಅಂಕಣಗಳಿವೆ. ಯಾರು ಶಿಖರ ಮುಟ್ಟಿದರು ಎಂಬುದು ಫೋಟೋಗಳಿಂದ ಗೊತ್ತಾಗುತ್ತದೆ. ಯಾರು ಎಲ್ಲಿ ಸಿಕ್ಕಿಬಿದ್ದರು, ಯಾವ ಗಾಡಿ ಅವರನ್ನು ಎಳೆಯಿತು, ಊರಿನ ಯಾವ ಪಿಕಪ್ಪಿನವರು ನೆರವಿಗೆ ಬಂದರು ಎಂಬುದಕ್ಕೆ ಜಾಗವಿಲ್ಲ. ಹಳಬರ ನೆನಪಿನಲ್ಲಿ ಅದೆಲ್ಲ ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು, ಮುಂದಿನ ಸವಾರಿಯಿಂದ ಆ ಅಂಕಣವನ್ನೂ ಪುಸ್ತಕದಲ್ಲಿ ಎಳೆಯಬೇಕು.